ತಲೆಗೆ ಪೆಟ್ಟು ಬಿದ್ದಾಗ: ಮೊದಲ ಗಂಟೆಯಿಂದ ಚೇತರಿಕೆಯವರೆಗೆ

ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಒಂದು ಗಂಟೆ ಕಾರಿನಲ್ಲಿ ಹೋದರೆ ವರ್ಜೀನಿಯಾದ ಮಿಡಲ್‌ಬರ್ಗ್ ಸಿಗುತ್ತದೆ. ಅಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು, ಅದರ ತುಂಬ ಕುದುರೆಗಳು. ಅಟ್ಲಾಂಟಾದ ಉತ್ತರಕ್ಕಿರುವ ಮಿಲ್ಟನ್, ದಕ್ಷಿಣ ಕ್ಯಾರೊಲೈನಾದ ಏಕೆನ್ ಮತ್ತು ಕ್ಯಾಮ್ಡನ್, ಉತ್ತರ ಕ್ಯಾರೊಲೈನಾದ ಟ್ರಯಾನ್ ಇವೆಲ್ಲವೂ ಕುದುರೆಗೆ ಹೆಸರಾದ ಊರುಗಳೇ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಕುದುರೆ ಸವಾರಿ ಸ್ಪರ್ಧೆಗಳು ಪಕ್ಕದ ಕಾನ್ಯರ್ಸ್‌ನಲ್ಲಿ ನಡೆದವು. 2018ರ ವಿಶ್ವ ಅಶ್ವ ಕ್ರೀಡಾಕೂಟ ಟ್ರಯಾನ್‌ನಲ್ಲಿ ನಡೆಯಿತು. ಈಗ ನಮ್ಮ ಕನ್ನಡ ಕುಟುಂಬಗಳೂ ಇದೇ ಊರುಗಳ ಸುತ್ತಮುತ್ತ ಮನೆ ಮಾಡಿವೆ. ಬೇಸಿಗೆ ಶಿಬಿರಕ್ಕೆ ಸೇರಿದ ಮಕ್ಕಳು ಕುದುರೆ ಏರುತ್ತಾರೆ. ಊರಿನಿಂದ ಬಂದ ಅತಿಥಿಗಳನ್ನು ಬೆಟ್ಟದ ದಾರಿಯಲ್ಲಿ ಕುದುರೆ ಸವಾರಿಗೆ ಕರೆದೊಯ್ಯುವುದೂ ಉಂಟು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸವಾರಿ ಮಾಡಿದ ಮೇಲಂತೂ ಮಕ್ಕಳಿಗೆ ಈ ಕ್ರೀಡೆ ಇನ್ನಷ್ಟು ಹತ್ತಿರವಾಗಿದೆ.

ಇದು ಸಂತೋಷದ ಸಂಗತಿ. ಆದರೆ ಅಮೆರಿಕದ ಟ್ರಾಮಾ ಆಸ್ಪತ್ರೆಗಳ 2003ರಿಂದ 2012ರವರೆಗಿನ ದಾಖಲೆಗಳನ್ನು ಪರಿಶೀಲಿಸಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಕ್ರೀಡೆಯಿಂದ ಮೆದುಳಿಗೆ ಪೆಟ್ಟಾಗಿ ಬಂದ ವಯಸ್ಕರಲ್ಲಿ ಶೇಕಡಾ 45ರಷ್ಟು ಮಂದಿ ಕುದುರೆ ಸವಾರಿಯಲ್ಲಿ ಪೆಟ್ಟು ತಿಂದವರು ಎಂದು ಅದರಲ್ಲಿ ಕಂಡುಬಂತು. ಫುಟ್‌ಬಾಲೇ ಮೊದಲ ಸ್ಥಾನದಲ್ಲಿರುತ್ತದೆ ಎಂದುಕೊಂಡವರಿಗೆ ಇದು ಆಶ್ಚರ್ಯದ ವಿಷಯ. ನಾನು ವೈದ್ಯನಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಇಲ್ಲಿ ಬರೆದಿರುವುದು ವೈದ್ಯರ ಸಲಹೆಗೆ ಬದಲಿಯಲ್ಲ. ಇಂಥ ಪೆಟ್ಟು ಬಿದ್ದಾಗ ಏನಾಗುತ್ತದೆ, ಚೇತರಿಕೆ ಹೇಗೆ ಸಾಗುತ್ತದೆ, ಕುಟುಂಬ ಮತ್ತು ನೆಂಟರಿಷ್ಟರು ಏನು ಮಾಡಬಹುದು ಎಂಬುದನ್ನು ಮನೆಮಂದಿಗೆಲ್ಲ ಅರ್ಥವಾಗುವಂತೆ ಹೇಳುವುದಷ್ಟೇ ಉದ್ದೇಶ. ಕಾರು ಅಪಘಾತವಾಗಲಿ, ಸ್ನಾನದ ಮನೆಯಲ್ಲಿ ಅಜ್ಜಿ ಜಾರಿ ಬೀಳುವುದಾಗಲಿ, ಇದರ ಬಹುಪಾಲು ಅದಕ್ಕೂ ಅನ್ವಯಿಸುತ್ತದೆ.

ಇಬ್ಬರು ಸವಾರರು

ಮೊದಲು ಎಲ್ಲರಿಗೂ ಗೊತ್ತಿರುವ ಹೆಸರು. ‘ಸೂಪರ್‌ಮ್ಯಾನ್’ ಪಾತ್ರದ ನಟ ಕ್ರಿಸ್ಟೋಫರ್ ರೀವ್ 1995ರ ಮೇ 27ರಂದು ಇಲ್ಲೇ ವರ್ಜೀನಿಯಾದ ಕಲ್ಪೆಪರ್‌ನಲ್ಲಿ ಸ್ಪರ್ಧೆಯ ವೇಳೆ ಕುದುರೆಯಿಂದ ಬಿದ್ದರು. ಬೇಲಿ ಹಾರಬೇಕಿದ್ದ ಕುದುರೆ ಥಟ್ಟನೆ ನಿಂತಿತು, ಅವರು ತಲೆಕೆಳಗಾಗಿ ನೆಲಕ್ಕೆ ಬಿದ್ದರು. ತಲೆಗೆ ಹೆಲ್ಮೆಟ್ ಇತ್ತು, ಮೆದುಳು ಉಳಿಯಿತು. ಆದರೆ ಕತ್ತಿನ ಮೊದಲ ಎರಡು ಮೂಳೆಗಳು ಮುರಿದು ಕತ್ತಿನ ಕೆಳಗೆ ದೇಹ ಸ್ವಾಧೀನ ತಪ್ಪಿತು. 2004ರಲ್ಲಿ ತೀರಿಕೊಳ್ಳುವವರೆಗೂ ಅವರು ಯೋಚಿಸಿದರು, ಮಾತನಾಡಿದರು, ಪುಸ್ತಕ ಬರೆದರು, ಚಿತ್ರ ನಿರ್ದೇಶಿಸಿದರು.

ಎರಡನೆಯವರು ಕೋರ್ಟ್ನಿ ಕಿಂಗ್-ಡೈ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಪರವಾಗಿ ಡ್ರೆಸಾಜ್ ಸ್ಪರ್ಧೆಯಲ್ಲಿ ಭಾಗವಹಿಸಿದವರು. 2010ರ ಮಾರ್ಚ್ 3ರಂದು ಫ್ಲಾರಿಡಾದಲ್ಲಿ ಒಂದು ಕುದುರೆಯನ್ನು ಪಳಗಿಸುತ್ತಿದ್ದಾಗ ಅದು ತನ್ನ ಕಾಲಿಗೆ ತಾನೇ ಎಡವಿ ಬಿತ್ತು. ಅಂದು ಅವರು ಹೆಲ್ಮೆಟ್ ಹಾಕಿರಲಿಲ್ಲ. ಆಗ ಆ ವಿಭಾಗದಲ್ಲಿ ಅನುಭವಿಗಳು ಹೆಲ್ಮೆಟ್ ಹಾಕುವ ರೂಢಿಯೇ ಕಡಿಮೆ. ತಲೆಬುರುಡೆ ಬಿರುಕು ಬಿಟ್ಟಿತು, ಸುಮಾರು ನಾಲ್ಕು ವಾರ ಕೋಮಾದಲ್ಲಿದ್ದರು. ಆಮೇಲೆ ನಡೆಯುವುದನ್ನೂ ಮಾತನಾಡುವುದನ್ನೂ ಮಗುವಿನಂತೆ ಮತ್ತೆ ಕಲಿತರು. ಮರಳಿ ಕುದುರೆಯನ್ನೂ ಏರಿದರು. ಆದರೆ ಪೆಟ್ಟಿನ ಪರಿಣಾಮ ಪೂರ್ತಿ ಹೋಗಲಿಲ್ಲ. ಅವರು ತಮ್ಮ ಉದಾಹರಣೆಯನ್ನೇ ಮುಂದಿಟ್ಟು ಹೆಲ್ಮೆಟ್ ಪರವಾಗಿ ಪ್ರಚಾರ ಮಾಡಿದರು. ಮುಂದಿನ ವರ್ಷಗಳಲ್ಲಿ ಅಮೆರಿಕದ ನಿಯಮಗಳು ಬಿಗಿಯಾದವು. 2021ರ ಜನವರಿಯಿಂದ ಅಂತರರಾಷ್ಟ್ರೀಯ ಡ್ರೆಸಾಜ್ ಸ್ಪರ್ಧೆಗಳಲ್ಲಿಯೂ ಹೆಲ್ಮೆಟ್ ಕಡ್ಡಾಯವಾಯಿತು.

ಈ ಎರಡು ಕಥೆಗಳಿಂದ ಎರಡು ಪಾಠಗಳಿವೆ. ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಕತ್ತನ್ನಲ್ಲ. ಮತ್ತು ಬೀಳುವುದಕ್ಕೆ ಸವಾರಿಯಲ್ಲಿ ಹೊಸಬರಾಗಿರಬೇಕಿಲ್ಲ.

ತಲೆಬುರುಡೆಯ ಒಳಗೆ

ನಮ್ಮ ಮೆದುಳಿನ ತೂಕ ಸುಮಾರು 1.4 ಕಿಲೋ. ಮುಟ್ಟಿದರೆ ಗಟ್ಟಿ ಮೊಸರಿನಷ್ಟು ಮೃದು. ತಲೆಬುರುಡೆಯೊಳಗೆ ಅದು ತೆಳುವಾದ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ನೆಲಕ್ಕೆ ಬಡಿದಾಗ ಬುರುಡೆ ತಕ್ಷಣ ನಿಲ್ಲುತ್ತದೆ, ಒಳಗಿನ ಮೆದುಳು ನಿಲ್ಲುವುದಿಲ್ಲ. ಅದು ಮುಂದಕ್ಕೆ ಹೋಗಿ ಗೋಡೆಗೆ ತಾಗುತ್ತದೆ, ಹಿಂದಕ್ಕೆ ಬಂದು ಇನ್ನೊಂದು ಬದಿಗೂ ತಾಗಬಹುದು. ಹಾಗಾಗಿ ಹಣೆಗೆ ಪೆಟ್ಟು ಬಿದ್ದವರಿಗೆ ತಲೆಯ ಹಿಂಭಾಗದ ಮೆದುಳಿಗೂ ಗಾಯವಾಗಿರಬಹುದು.

ತಲೆ ಗಿರ್ರನೆ ತಿರುಗಿದರೆ ಹಾನಿ ಇನ್ನೂ ಸೂಕ್ಷ್ಮ. ಮೆದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಕೋಟ್ಯಂತರ ನರತಂತುಗಳು ಎಳೆದಾಡಿ ಹರಿಯುತ್ತವೆ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಕಂಪ್ಯೂಟರುಗಳು ನೆಟ್ಟಗಿವೆ, ನಡುವಿನ ಕೇಬಲ್ಲುಗಳು ಕಿತ್ತುಹೋಗಿವೆ. ಸಿ.ಟಿ. ಸ್ಕ್ಯಾನಿನಲ್ಲಿ ಇದು ಹೆಚ್ಚಾಗಿ ಕಾಣಿಸುವುದಿಲ್ಲ. ‘ಸ್ಕ್ಯಾನ್ ಚೆನ್ನಾಗಿದೆ ಎನ್ನುತ್ತಾರೆ, ಆದರೆ ಎಚ್ಚರವಾಗುತ್ತಿಲ್ಲ’ ಎಂದು ಮನೆಯವರು ಕಂಗಾಲಾಗುವುದು ಇಂಥ ಸಂದರ್ಭದಲ್ಲೇ.

ಇದೆಲ್ಲ ಮೊದಲ ಕ್ಷಣದ ಹಾನಿ, ಅದನ್ನು ಯಾರೂ ಹಿಂದಕ್ಕೆ ತರಲಾಗದು. ವೈದ್ಯರ ಹೋರಾಟವೆಲ್ಲ ಎರಡನೆಯ ಹಂತದ ಹಾನಿಯ ವಿರುದ್ಧ. ಕೈಗೆ ಪೆಟ್ಟಾದರೆ ಊದಿಕೊಳ್ಳಲು ಜಾಗವಿದೆ, ಬುರುಡೆಯೊಳಗೆ ಜಾಗವಿಲ್ಲ. ರಕ್ತ ಸೋರಿದರೂ, ಮೆದುಳು ಊದಿದರೂ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಮೆದುಳಿಗೆ ರಕ್ತ ತಲುಪುವುದು ಕಡಿಮೆಯಾಗಿ, ಉಳಿದಿದ್ದ ಜೀವಕೋಶಗಳೂ ಸಾಯತೊಡಗುತ್ತವೆ. ಗಂಟೆಗಳ, ಕೆಲವೊಮ್ಮೆ ನಿಮಿಷಗಳ ಲೆಕ್ಕ ಬರುವುದು ಇಲ್ಲಿ.

ಮೊದಲ ಗಂಟೆ

ಬಿದ್ದವರನ್ನು ಎಬ್ಬಿಸಿ ಕೂರಿಸುವುದು, ನೀರು ಕುಡಿಸುವುದು ನಮ್ಮವರ ಸಹಜ ಪ್ರತಿಕ್ರಿಯೆ. ಎರಡೂ ಬೇಡ. ಕತ್ತಿನ ಮೂಳೆ ಮುರಿದಿದ್ದರೆ ಅಲುಗಾಡಿಸುವುದರಿಂದಲೇ ಹಾನಿಯಾದೀತು. ಇದ್ದಲ್ಲೇ ಅಲುಗದಂತೆ ಮಲಗಿರಲು ಬಿಡಿ, ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಕುದುರೆಯನ್ನು ದೂರ ಸರಿಸಿ, 911ಕ್ಕೆ ಕರೆ ಮಾಡಿ. ಎಷ್ಟು ಹೊತ್ತಿಗೆ ಬಿದ್ದರು, ಪ್ರಜ್ಞೆ ತಪ್ಪಿತ್ತೇ, ಎಷ್ಟು ನಿಮಿಷ ಎಂಬುದನ್ನು ಬರೆದಿಟ್ಟುಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಅದನ್ನು ತಪ್ಪದೆ ಹೇಳಿ. ನಮ್ಮ ತಂದೆತಾಯಿಯರಲ್ಲಿ ಇಂಥವರು ಬಹಳ ಮಂದಿ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಇದೆಯಲ್ಲ, ತಲೆಗೆ ಪೆಟ್ಟಾದವರ ವಿಷಯದಲ್ಲಿ ಅದು ಪ್ರಾಣಕ್ಕೇ ಕುತ್ತು. 2009ರ ಮಾರ್ಚ್‌ನಲ್ಲಿ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಸ್ಕೀ ಕಲಿಯುವಾಗ, ಹೊಸಬರ ಇಳಿಜಾರಿನಲ್ಲೇ ಬಿದ್ದರು. ಎದ್ದು ನಕ್ಕು ಮಾತನಾಡಿದರು, ವೈದ್ಯರು ಬೇಡವೆಂದರು. ಸ್ವಲ್ಪ ಹೊತ್ತಿನಲ್ಲೇ ತಲೆನೋವು ಶುರುವಾಯಿತು. ಎರಡು ದಿನಗಳಲ್ಲಿ ತೀರಿಕೊಂಡರು. ಬುರುಡೆಗೂ ಮೆದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗಿತ್ತು. ಇಂಥ ರಕ್ತಸ್ರಾವದಲ್ಲಿ ನಡುವೆ ಕೆಲವು ಕಾಲ ಮನುಷ್ಯ ಸಂಪೂರ್ಣ ಸರಿಯಾಗಿ ಕಾಣುತ್ತಾನೆ. ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗಬಲ್ಲ ಗಾಯವೂ ಇದೇ. ಹೆಚ್ಚುತ್ತಾ ಹೋಗುವ ತಲೆನೋವು, ಪದೇ ಪದೇ ವಾಂತಿ, ತೊದಲು, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕೈಕಾಲು ಸೋಲುವುದು, ಫಿಟ್ಸ್, ಎಬ್ಬಿಸಲಾಗದ ನಿದ್ದೆ: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ತುರ್ತು ವಿಭಾಗಕ್ಕೆ ಹೋಗಬೇಕು. ವಿಮೆ ಇಲ್ಲವೆಂದು ಹಿಂಜರಿಯಬೇಡಿ. 1986ರ ಕೇಂದ್ರ ಕಾನೂನಿನ ಪ್ರಕಾರ, ಮೆಡಿಕೇರ್‌ಗೆ ಸೇರಿದ ಆಸ್ಪತ್ರೆಗಳ ತುರ್ತು ವಿಭಾಗ ಹಣದ ವಿಚಾರ ನೋಡದೆ ಪರೀಕ್ಷಿಸಿ, ಜೀವಾಪಾಯವಿದ್ದರೆ ಸ್ಥಿರಗೊಳಿಸಲೇಬೇಕು. ಬಿಲ್ ಆಮೇಲೆ ಬರುತ್ತದೆ ನಿಜ, ಆದರೆ ಜೀವ ಮೊದಲು.

ಐ.ಸಿ.ಯು. ದಿನಗಳು

ಆಸ್ಪತ್ರೆಯಲ್ಲಿ ನೀವು ಮೊದಲು ಕೇಳುವ ಮಾತು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ವೈದ್ಯರು ರೂಪಿಸಿದ ಅಳತೆ ಇದು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15 ಅಂಕ. ಅತಿ ಕಡಿಮೆ ಎಂದರೆ 3. ಎಂಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ತೀವ್ರ ಪೆಟ್ಟು ಎಂದು ಲೆಕ್ಕ. ಸಾಮಾನ್ಯವಾಗಿ ಉಸಿರಾಟಕ್ಕೆ ಯಂತ್ರ ಜೋಡಿಸುತ್ತಾರೆ, ಬುರುಡೆಯೊಳಗಿನ ಒತ್ತಡ ಅಳೆಯಲು ಸಣ್ಣ ತಂತಿ ಇಳಿಸುತ್ತಾರೆ. ಒತ್ತಡ ಇಳಿಯದಿದ್ದರೆ ಬುರುಡೆಯ ಒಂದು ತುಂಡನ್ನೇ ತೆಗೆದಿಟ್ಟು ಮೆದುಳಿಗೆ ಊದಲು ಜಾಗ ಮಾಡಿಕೊಡುತ್ತಾರೆ, ತಿಂಗಳುಗಳ ನಂತರ ಮುಚ್ಚುತ್ತಾರೆ. ‘ಮುಂದೆ ಹೇಗಿರುತ್ತಾರೆ?’ ಎಂಬ ಪ್ರಶ್ನೆಗೆ ಮೊದಲ ವಾರದಲ್ಲಿ ವೈದ್ಯರು ಖಚಿತ ಉತ್ತರ ಕೊಡದಿದ್ದರೆ ಅದು ನುಣುಚಿಕೊಳ್ಳುವುದಲ್ಲ. ಆ ಹೊತ್ತಿಗೆ ಉತ್ತರವೇ ಇರುವುದಿಲ್ಲ.

ನಮ್ಮ ಹಳೆಯ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದ ನಾಯಕ ಎಲ್ಲವನ್ನೂ ಮರೆಯುತ್ತಾನೆ. ಕೊನೆಯ ರೀಲಿನಲ್ಲಿ ಇನ್ನೊಂದು ಪೆಟ್ಟು ಬಿದ್ದ ಕೂಡಲೇ ಎಲ್ಲ ನೆನಪಾಗಿ ‘ಅಮ್ಮಾ’ ಎಂದು ಎದ್ದು ಕೂರುತ್ತಾನೆ. ನಿಜ ಜೀವನದಲ್ಲಿ ಎರಡನೆಯ ಪೆಟ್ಟು ಇನ್ನೂ ಅಪಾಯಕಾರಿ. ಕೋಮಾದಿಂದ ಹೊರಬರುವುದೂ ದೀಪ ಹಾಕಿದಂತೆ ಆಗುವುದಿಲ್ಲ, ಬೆಳಗಾದಂತೆ ನಿಧಾನವಾಗಿ ಆಗುತ್ತದೆ. ಮೊದಲು ಕಣ್ಣು ತೆರೆಯುತ್ತಾರೆ, ಆದರೆ ಯಾರನ್ನೂ ನೋಡುವುದಿಲ್ಲ. ಆಮೇಲೆ ಧ್ವನಿಯ ಕಡೆ ತಿರುಗುತ್ತಾರೆ. ‘ಕೈ ಒತ್ತು’ ಎಂದರೆ ಒಮ್ಮೆ ಒತ್ತುತ್ತಾರೆ, ಇನ್ನೊಮ್ಮೆ ಇಲ್ಲ. ನಂತರ ಬರುವ ಗೊಂದಲದ, ಸಿಟ್ಟಿನ ಹಂತ ಮನೆಯವರಿಗೆ ಅತಿ ಕಷ್ಟದ್ದು. ನಳಿಕೆ ಕೀಳುತ್ತಾರೆ, ಬೈಯುತ್ತಾರೆ, ಹೆಂಡತಿಯನ್ನು ಅಕ್ಕನೆಂದುಕೊಳ್ಳುತ್ತಾರೆ. ಇದು ಅವರ ಸ್ವಭಾವವಲ್ಲ, ಮೆದುಳು ಎಚ್ಚರಗೊಳ್ಳುವ ದಾರಿಯಲ್ಲಿನ ಒಂದು ನಿಲ್ದಾಣ. ಆಗ ಒಬ್ಬರು ಅಥವಾ ಇಬ್ಬರು ಮಾತ್ರ ಹತ್ತಿರವಿರಬೇಕು. ಟಿ.ವಿ. ಬೇಡ, ದನಿ ತಗ್ಗಿರಲಿ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು.

ಕನ್ನಡದಲ್ಲಿ ಮಾತನಾಡಿ

ಎರಡು ಮೂರು ಭಾಷೆ ಬಲ್ಲವರಿಗೆ ಮೆದುಳಿಗೆ ಪೆಟ್ಟಾದಾಗ ಎಲ್ಲ ಭಾಷೆಗಳೂ ಒಂದೇ ವೇಗದಲ್ಲಿ ಮರಳಬೇಕೆಂದಿಲ್ಲ. ಕೆಲವರಿಗೆ ಬಾಲ್ಯದ ಭಾಷೆ ಮೊದಲು ಬರುತ್ತದೆ, ಕೆಲವರಿಗೆ ದಿನನಿತ್ಯ ಹೆಚ್ಚು ಬಳಸುತ್ತಿದ್ದ ಭಾಷೆ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರಿಸದವರು ಕನ್ನಡದಲ್ಲಿ ‘ಕಾಫಿ ಬೇಕಾ?’ ಎಂದರೆ ತಲೆಯಾಡಿಸಬಹುದು. ಇದನ್ನು ಕಂಡರೆ ನರ್ಸಿಗೂ ಸ್ಪೀಚ್ ಥೆರಪಿಸ್ಟಿಗೂ ತಪ್ಪದೆ ತಿಳಿಸಿ. ಅವರ ಅಳತೆಯೇ ಬದಲಾಗಬಹುದು.

ಪ್ರಜ್ಞೆಯನ್ನು ಪರೀಕ್ಷಿಸಲು ಇಲ್ಲಿ ‘ಅಧ್ಯಕ್ಷರು ಯಾರು?’ ಎಂದು ಕೇಳುವ ರೂಢಿ ಇದೆ. ಮೂರು ವಾರದ ಹಿಂದೆ ಹಾಸನದಿಂದ ಬಂದ ಅಜ್ಜಿಗೆ ಅದು ಗೊತ್ತಿಲ್ಲದಿದ್ದರೆ ಮೆದುಳಿನ ದೋಷವಲ್ಲ. ಮೊಮ್ಮಕ್ಕಳ ಹೆಸರು, ಊರಿನ ಹೆಸರು, ಯುಗಾದಿ ಯಾವ ತಿಂಗಳು ಎಂಬಂಥ ಪ್ರಶ್ನೆಗಳನ್ನು ನೀವೇ ಬರೆದುಕೊಡಿ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದ ರೋಗಿಗಳಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಕನ್ನಡ ದುಭಾಷಿ ಫೋನಿನ ಮೂಲಕ ಸಿಗಬಹುದು. ಕೇಳಿ ಪಡೆಯಿರಿ. ಹತ್ತು ವರ್ಷದ ಮೊಮ್ಮಗನ ಮೇಲೆ ಆ ಭಾರ ಹಾಕಬೇಡಿ.

ರಿಹ್ಯಾಬ್ ಎಂಬ ಎರಡನೆಯ ಶಾಲೆ

ಜೀವಾಪಾಯ ಕಳೆದ ಮೇಲೆ ಪುನಶ್ಚೇತನ ಆಸ್ಪತ್ರೆ. ನಮ್ಮ ಭಾಗದವರು ಈ ವಿಷಯದಲ್ಲಿ ಅದೃಷ್ಟವಂತರು. ವಾಷಿಂಗ್ಟನ್ನಿನಲ್ಲಿ ನ್ಯಾಷನಲ್ ರಿಹ್ಯಾಬಿಲಿಟೇಷನ್ ಹಾಸ್ಪಿಟಲ್, ಶಾರ್ಲೆಟ್‌ನಲ್ಲಿ ಕ್ಯಾರೊಲೈನಾಸ್ ರಿಹ್ಯಾಬಿಲಿಟೇಷನ್, ಅಟ್ಲಾಂಟಾದಲ್ಲಿ ದೇಶಕ್ಕೇ ಹೆಸರಾದ ಶೆಪರ್ಡ್ ಸೆಂಟರ್ ಇವೆ. ಶೆಪರ್ಡ್ ಸೆಂಟರ್ ಹುಟ್ಟಿದ್ದು ಒಂದು ಕುಟುಂಬದ ಸಂಕಟದಿಂದ. 1973ರಲ್ಲಿ ಅಟ್ಲಾಂಟಾದ ಜೇಮ್ಸ್ ಶೆಪರ್ಡ್ ಎಂಬ ತರುಣ ಬ್ರೆಜಿಲ್‌ನ ಕಡಲ ಅಲೆಗೆ ಸಿಕ್ಕಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ತಕ್ಕ ಪುನಶ್ಚೇತನ ಆಸ್ಪತ್ರೆ ಊರಿನಲ್ಲಿಲ್ಲದೆ ದೂರದ ಕೊಲರಾಡೊಗೆ ಹೋಗಬೇಕಾಯಿತು. ಮರಳಿದ ಮೇಲೆ ಅವನ ತಂದೆತಾಯಿ ಮತ್ತು ಸ್ನೇಹಿತರು ಸೇರಿ 1975ರಲ್ಲಿ ಕೇವಲ ಆರು ಹಾಸಿಗೆಗಳಿಂದ ಈ ಸಂಸ್ಥೆ ಆರಂಭಿಸಿದರು. ಇಂದು ಬೆನ್ನುಹುರಿ ಮತ್ತು ಮೆದುಳಿನ ಗಾಯಗಳಿಗೆ ಅದು ದೊಡ್ಡ ಕೇಂದ್ರ.

ಇಂಥಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ ಅಭ್ಯಾಸ. ಫಿಸಿಕಲ್ ಥೆರಪಿಸ್ಟ್ ನಡಿಗೆ ಕಲಿಸುತ್ತಾರೆ. ಆಕ್ಯುಪೇಷನಲ್ ಥೆರಪಿಸ್ಟ್ ಅಂಗಿಯ ಗುಂಡಿ ಹಾಕುವುದು, ಸ್ನಾನ, ಅಡುಗೆ ಕಲಿಸುತ್ತಾರೆ. ಸ್ಪೀಚ್ ಥೆರಪಿಸ್ಟ್ ಮಾತಿನ ಜೊತೆಗೆ ನೆನಪು ಮತ್ತು ನುಂಗುವಿಕೆಯನ್ನೂ ನೋಡಿಕೊಳ್ಳುತ್ತಾರೆ. ಮೆದುಳು ಸತ್ತ ಭಾಗವನ್ನು ಮತ್ತೆ ಬೆಳೆಸುವುದಿಲ್ಲ, ಉಳಿದ ಭಾಗಗಳ ನಡುವೆ ಹೊಸ ದಾರಿ ಹುಡುಕಿಕೊಳ್ಳುತ್ತದೆ. ಆ ದಾರಿ ಸವೆಯಬೇಕಾದರೆ ಅದೇ ಕೆಲಸವನ್ನು ನೂರಾರು ಸಲ ಮಾಡಬೇಕು. ಪ್ರೀತಿಯಿಂದ ತುತ್ತು ತಿನ್ನಿಸುವ ತಾಯಿಗೆ ಥೆರಪಿಸ್ಟ್ ‘ಅವನೇ ತಿನ್ನಲಿ’ ಎನ್ನುವುದು ಇದಕ್ಕಾಗಿಯೇ.

ನುಂಗುವ ವಿಷಯದಲ್ಲಿ ಒಂದು ಎಚ್ಚರಿಕೆ. ತಲೆಗೆ ಪೆಟ್ಟಾದವರಿಗೆ ಕೆಲವು ಕಾಲ ನೀರಿನಂಥ ತೆಳು ದ್ರವ ಅನ್ನನಾಳದ ಬದಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಆದ್ದರಿಂದ ದೇವಸ್ಥಾನದಿಂದ ತಂದ ತೀರ್ಥವನ್ನು, ಮನೆಯಿಂದ ತಂದ ತಿಳಿಸಾರನ್ನು ನರ್ಸನ್ನು ಕೇಳದೆ ಬಾಯಿಗೆ ಹಾಕಬೇಡಿ. ತೀರ್ಥವನ್ನು ತಲೆಗೆ ಪ್ರೋಕ್ಷಿಸಿದರೂ ಪುಣ್ಯ ಅಷ್ಟೇ.

ಮನೆಗೆ ಬಂದ ಮೇಲೆ

ಚೇತರಿಕೆ ಮೊದಲ ಆರು ತಿಂಗಳಲ್ಲಿ ವೇಗವಾಗಿರುತ್ತದೆ, ಎರಡು ವರ್ಷದವರೆಗೂ, ಅದರಾಚೆಗೂ ನಿಧಾನವಾಗಿ ಸಾಗುತ್ತದೆ. ಗಾಯ ಮಾಸಿ ಕೂದಲು ಬೆಳೆದ ಮೇಲೆ ಹೊರಗಿನವರಿಗೆ ಏನೂ ಕಾಣುವುದಿಲ್ಲ. ‘ಎಷ್ಟು ಚೆನ್ನಾಗಿದ್ದೀರಿ, ಏನೂ ಆಗೇ ಇಲ್ಲವಲ್ಲ’ ಎನ್ನುತ್ತೇವೆ. ಆದರೆ ಅವರಿಗೆ ಮಧ್ಯಾಹ್ನದ ಹೊತ್ತಿಗೆ ಮೆದುಳು ದಣಿದಿರುತ್ತದೆ. ಮೂರು ಜನ ಒಟ್ಟಿಗೆ ಮಾತನಾಡಿದರೆ ಹಿಡಿಯಲಾಗುವುದಿಲ್ಲ. ಒಲೆಯ ಮೇಲೆ ಹಾಲಿಟ್ಟದ್ದು ಮರೆಯುತ್ತದೆ. ಕೆಲವರಿಗೆ ವಾಸನೆಯೇ ತಿಳಿಯುವುದಿಲ್ಲ, ಅವರ ಮನೆಯಲ್ಲಿ ಹೊಗೆ ಮತ್ತು ಗ್ಯಾಸ್ ಎಚ್ಚರಿಸುವ ಅಲಾರಂ ಇರಲೇಬೇಕು. ಮುಂಗೋಪ, ಖಿನ್ನತೆ ಬರಬಹುದು, ಅವೂ ಪೆಟ್ಟಿನ ಪರಿಣಾಮಗಳೇ, ಅವಕ್ಕೂ ಚಿಕಿತ್ಸೆ ಇದೆ. ಕಾರು ಓಡಿಸುವುದು ವೈದ್ಯರ ಒಪ್ಪಿಗೆಯ ಮೇಲೆ ಮಾತ್ರ.

ಕೆಲಸಕ್ಕೆ ಮರಳುವುದೂ ಮೆಟ್ಟಿಲು ಮೆಟ್ಟಿಲಾಗಿ ಆಗಬೇಕು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ಬರೆಯುವುದಕ್ಕಿಂತ, ಮೀಟಿಂಗ್ ನಡುವೆ ಚಾಟ್, ಚಾಟ್ ನಡುವೆ ಇಮೇಲ್ ನೋಡುವುದೇ ಇಂಥವರಿಗೆ ಹೆಚ್ಚು ಆಯಾಸ ತರುತ್ತದೆ. ಅರ್ಧ ದಿನದಿಂದ ಶುರುಮಾಡಿ, ಎಲ್ಲವನ್ನೂ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದೇ ಕೆಲಸ ಮಾಡುವುದು ಒಳ್ಳೆಯದು.

ಕಾಗದಪತ್ರದ ಮಾತು

ವಲಸೆ ಬಂದ ನಮ್ಮಂಥ ಕುಟುಂಬಗಳಿಗೆ ದುಡಿಯುವವರು ಮಲಗಿದರೆ ಸಂಬಳ, ವಿಮೆ, ವೀಸಾ ಮೂರೂ ಒಟ್ಟಿಗೆ ಅಲುಗಾಡುತ್ತವೆ. 1993ರ ಕಾನೂನಿನ ಪ್ರಕಾರ ಅರ್ಹ ನೌಕರರಿಗೆ 12 ವಾರ ರಜೆ ಸಿಗುತ್ತದೆ, ಆದರೆ ಆ ಕಾನೂನಿನಡಿ ಸಂಬಳವಿಲ್ಲ. ಅದು ರೋಗಿಗೆ ಮಾತ್ರವಲ್ಲ, ಆರೈಕೆ ಮಾಡುವ ಗಂಡ, ಹೆಂಡತಿ, ತಂದೆತಾಯಿಗೂ ಅನ್ವಯ. ಕೆಲಸ ಹೋದರೆ ಕೋಬ್ರಾ ನಿಯಮದಡಿ ಪೂರ್ತಿ ಕಂತು ತಾವೇ ಕಟ್ಟಿ ಸಾಮಾನ್ಯವಾಗಿ 18 ತಿಂಗಳು ವಿಮೆ ಮುಂದುವರಿಸಬಹುದು. ಎಚ್-1ಬಿ ವೀಸಾದವರಿಗೆ ಕೆಲಸ ನಿಂತ ಮೇಲೆ ಇರುವ ಅವಕಾಶ ಗರಿಷ್ಠ 60 ದಿನ. ಆದ್ದರಿಂದ ರಾಜೀನಾಮೆ ಕೊಡುವ ಮುನ್ನ ವಲಸೆ ವಕೀಲರನ್ನು ಕೇಳಿ. ಪ್ರಜ್ಞೆ ಇಲ್ಲದಾಗ ನಿಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂಬ ಅಧಿಕಾರಪತ್ರವನ್ನು ಆರೋಗ್ಯವಾಗಿರುವಾಗಲೇ ಬರೆದಿಡಿ. ಬ್ಯಾಂಕಿನ ಪಾಸ್‌ವರ್ಡ್ ಮನೆಯಲ್ಲಿ ಒಬ್ಬರಿಗೇ ಗೊತ್ತಿರುವುದು ಒಳ್ಳೆಯದಲ್ಲ.

ತಲೆಗೆ ಬಂದದ್ದು ತಲೆಪಾಗಿಗೆ

ಕೊನೆಗೆ ಒಂದು ಸರಳ ಲೆಕ್ಕ. ಕುದುರೆಯ ಮೇಲೆ ಕುಳಿತ ದೊಡ್ಡವರ ತಲೆ ನೆಲದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದರೆ ಕುದುರೆ ನಿಂತಿದ್ದರೂ ತಲೆ ನೆಲ ಮುಟ್ಟುವಾಗ ವೇಗ ಗಂಟೆಗೆ 25 ಕಿಲೋಮೀಟರ್. ಬರಿದಾದ ತಲೆ ಗಟ್ಟಿ ನೆಲದಲ್ಲಿ ನಾಲ್ಕು ಮಿಲಿಮೀಟರಿನೊಳಗೆ ನಿಂತರೆ ಅದರ ಮೇಲಿನ ಸರಾಸರಿ ಆಘಾತ ಗುರುತ್ವದ 600 ಪಟ್ಟು ಮೀರುತ್ತದೆ. ಹೆಲ್ಮೆಟಿನ ಒಳಗಿನ ಫೋಮ್ ಎರಡು ಸೆಂಟಿಮೀಟರ್ ಕುಸಿದರೆ ಅದು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎನ್ನುವುದು ಇದನ್ನೇ. ಒಮ್ಮೆ ಕುಸಿದ ಫೋಮ್ ಮತ್ತೆ ಕೆಲಸ ಮಾಡದು, ಆದ್ದರಿಂದ ಜೋರಾಗಿ ಬಿದ್ದ ಮೇಲೆ ಹೆಲ್ಮೆಟ್ ಬದಲಿಸಬೇಕು. ಸೈಕಲ್ ಹೆಲ್ಮೆಟ್ ಸಾಲದು. ಎ.ಎಸ್.ಟಿ.ಎಂ. ಎಫ್1163 ಗುಣಮಟ್ಟ ಮತ್ತು ಎಸ್.ಇ.ಐ. ಗುರುತು ಇರುವ ಸವಾರಿ ಹೆಲ್ಮೆಟನ್ನೇ ಕೊಳ್ಳಿ.

ಊರಿನಲ್ಲಿ ಕುದುರೆಯ ಜಾಗದಲ್ಲಿ ಸ್ಕೂಟರ್ ಇದೆ, ಅಷ್ಟೇ ವ್ಯತ್ಯಾಸ. ಬೆಂಗಳೂರಿನ ನಿಮ್ಹಾನ್ಸ್ ತುರ್ತು ವಿಭಾಗಕ್ಕೆ ರಾಜ್ಯದ ಮೂಲೆಮೂಲೆಯಿಂದ ತಲೆಗೆ ಪೆಟ್ಟಾದವರು ಬರುತ್ತಾರೆ. 2016ರಲ್ಲಿ ಕರ್ನಾಟಕ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಗಾಯಾಳುಗಳಿಗೆ ನೆರವಾಗುವ ದಾರಿಹೋಕರಿಗೆ ರಕ್ಷಣೆ ಕೊಡುವ ಕಾನೂನನ್ನೂ ಅದೇ ವರ್ಷ ರೂಪಿಸಿತು. ಆದರೆ ಜೀವ ಉಳಿದು ಹಳ್ಳಿಗೆ ಮರಳಿದ ತರುಣನಿಗೆ ನಡಿಗೆ, ಮಾತು ಕಲಿಸುವವರು ಅಲ್ಲಿ ಸಿಗುವುದು ಕಷ್ಟ. ಮನೆಯವರೇ ಥೆರಪಿಸ್ಟ್, ಮನೆಯವರೇ ನರ್ಸ್.

ಹಾಗಾಗಿ ಓದುಗರಲ್ಲಿ ಎರಡು ವಿನಂತಿ. ಈ ಸಂಚಿಕೆಯ ನೆಪದಲ್ಲಿ ನೀವು ಕೊಡುವ ದೇಣಿಗೆಗೆ ಬೆಲೆ ಇದೆ, ಧಾರಾಳವಾಗಿ ಕೊಡಿ. ಹಾಗೆಯೇ ನಮ್ಮ ನಡುವೆ ಯಾರಾದರೂ ಹೀಗೆ ಮಲಗಿದಾಗ ಮೊದಲ ವಾರ ಮೂವತ್ತು ಮನೆಗಳಿಂದ ಊಟ ಬರುತ್ತದೆ, ನಾಲ್ಕನೆಯ ತಿಂಗಳು ಯಾರೂ ಬರುವುದಿಲ್ಲ. ನಾಲ್ಕನೆಯ ತಿಂಗಳಿಗೆ ನಿಮ್ಮ ಹೆಸರು ಬರೆಸಿ. ಥೆರಪಿಗೆ ಕಾರಿನಲ್ಲಿ ಕರೆದೊಯ್ಯಿರಿ, ಮಕ್ಕಳನ್ನು ಕನ್ನಡ ಶಾಲೆಗೆ ಬಿಟ್ಟುಬನ್ನಿ, ಆರೈಕೆ ಮಾಡುವವರಿಗೆ ಎರಡು ಗಂಟೆ ನಿದ್ದೆ ಮಾಡಲು ಬಿಡಿ. ಚೇತರಿಕೆಯ ದಾರಿ ಉದ್ದವಾದದ್ದು. ಆ ಕುಟುಂಬ ಅದರಲ್ಲಿ ಒಂಟಿಯಾಗಿ ನಡೆಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.